ಗಾಜಿನ ಬಾಗಿಲಿಗೊಂದು ಹೊದಿಕೆ

ಬೆಳಿಗ್ಗೆ ಹೆಂಡತಿ ಚಹಾದ ಲೋಟವನ್ನು ಮೇಜಿನ ಮೇಲಿಟ್ಟು, "ರೀ, ನಿಮ್ಮ ಹತ್ರ ಒಂದು ಮಾತಿದೆ" ಎಂದಳು.

ಲೋಕದ ಎಲ್ಲ ಅಡುಗೆಮನೆಗಳಲ್ಲೂ ದಿನಬೆಳಗಾದರೆ ಹುಟ್ಟುವ ಮಾತು ಇದು. ಇದನ್ನು ಕೇಳಿ ಕೆಲವು ಗಂಡಂದಿರ ಎದೆ ಧಸಕ್ ಎನ್ನುವುದುಂಟೇ ಹೊರತು ಊರಿಗೆ ಏನೂ ಆಗುವುದಿಲ್ಲ. ಆದರೆ ಗಾಜಣ್ಣ ಪುರಸಭೆಯ ಮೆಂಬರು. ಅವನು ಲೋಟಕ್ಕೆ ಕೈ ಹಾಕುವ ಮೊದಲೇ ಹೊರಗೆ ಜಗಲಿಯ ಮೇಲೆ ಕುರ್ಚಿ ಕಿರುಗುಟ್ಟಿತು. ಎದುರು ಮನೆಯ ಮೇಷ್ಟ್ರು ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು, "ಸ್ವಲ್ಪ ಗಟ್ಟಿಯಾಗಿ ಹೇಳಮ್ಮ. ಇಲ್ಲೀವರೆಗೆ ಬರ್ತಾ ಇಲ್ಲ" ಎಂದರು.

ಮೇಷ್ಟ್ರು ಕದ್ದು ಕೇಳುತ್ತಿರಲಿಲ್ಲ. ಕೇಳುವುದು ಅವರಿಗೆ ಊರೇ ವಹಿಸಿದ ಕೆಲಸ. ಪ್ರತಿ ಮೆಂಬರಿನ ಹಿಂದೆಯೂ ಆ ವಾರ್ಡಿನ ಜನ ಒಬ್ಬ ಆಲಿಸುವವರನ್ನು ನೇಮಿಸಿದ್ದರು. ನಿವೃತ್ತ ಗಣಿತದ ಮೇಷ್ಟ್ರಿಗೆ ಕಿವಿ ಕೊಂಚ ಮಂದ. ಅದೇ ಅವರ ಅರ್ಹತೆಯೆಂದು ವಾರ್ಡಿನವರು ತೀರ್ಮಾನಿಸಿದ್ದರು. ಅವರಿಗೆ ಮುಟ್ಟಿದ ಮಾತು ಊರಿಗೆಲ್ಲ ಮುಟ್ಟಿದ ಹಾಗೆಯೇ.

ಇಷ್ಟಕ್ಕೂ ಈ ವ್ಯವಸ್ಥೆಯನ್ನು ತಂದವನು ಗಾಜಣ್ಣನೇ. ಅವನಿಗೆ ಪೇಟೆ ಬೀದಿಯಲ್ಲಿ ಕಿಟಕಿ ಗಾಜು, ಕನ್ನಡಿಗಳ ಅಂಗಡಿ. ವಜ್ರದ ಮೊನೆಯ ಕತ್ತರಿಯಿಂದ ಒಂದೇ ಗೀರು ಎಳೆದು ಗಾಜನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಮುರಿಯಬಲ್ಲ. ಕಳೆದ ಚುನಾವಣೆಯಲ್ಲಿ, ಮುಚ್ಚಿದ ಬಾಗಿಲ ಹಿಂದೆ ಪುರಸಭೆಯವರು ಏನು ಮಾತಾಡಿಕೊಳ್ಳುತ್ತಾರೋ ದೇವರಿಗೇ ಗೊತ್ತು ಎಂದು ಜನ ಗೊಣಗುತ್ತಿದ್ದಾಗ, ದೇವರಿಗೆ ಗೊತ್ತಿರುವುದು ನಿಮಗೂ ಗೊತ್ತಾಗುವಂತೆ ಮಾಡುತ್ತೇನೆ ಎಂದು ಹೇಳಿ ಗೆದ್ದುಬಿಟ್ಟಿದ್ದ. ಗೆದ್ದ ಮೇಲೆ ಬಹಳ ಓಡಾಡಿ, ಕೊನೆಗೂ ಕಳೆದ ವರ್ಷ ಸಭಾಂಗಣದ ಮರದ ಬಾಗಿಲು ಕೀಳಿಸಿ ಗಾಜಿನದು ಹಾಕಿಸಿದ. ಮಾದರಿಯಾಗಿರಲಿ ಎಂದು ತನ್ನ ಮನೆಯ ಮುಂಬಾಗಿಲನ್ನೂ ಗಾಜಿನದೇ ಮಾಡಿಕೊಂಡ. ಆಮೇಲೆ ಒಂದು ನಿಯಮ ತಂದ: ಮೆಂಬರು ಯಾರ ಹತ್ತಿರ ಯಾವ ಮಾತಾಡಿದರೂ ಅದನ್ನು ಅದೇ ದಿನ ಸಂಜೆ ಸಭೆಯ ಮುಂದೆ ಒಪ್ಪಿಸಬೇಕು.

'ಯಾವ ಮಾತಾದರೂ' ಎಂಬಲ್ಲಿ 'ಊರಿನ ವಿಷಯದ ಮಾತು' ಎಂದು ಸೇರಿಸೋಣವೇ ಎಂದು ಅಧ್ಯಕ್ಷೆ ಆಗಲೇ ಕೇಳಿದ್ದರು. ಅವರು ನಿವೃತ್ತ ನರ್ಸು; ಸೂಜಿ ಚುಚ್ಚುವ ಮೊದಲು ಎರಡು ಸಲ ಕೇಳುವ ಅಭ್ಯಾಸ. ಗಾಜಣ್ಣ ಬೇಡವೆಂದ. ಹಾಗೆ ಸೇರಿಸಿದರೆ ಕಳ್ಳ ಮೆಂಬರುಗಳು ಎಲ್ಲವನ್ನೂ ಮನೆ ವಿಷಯವೆಂದು ನುಂಗಿಬಿಡುತ್ತಾರೆ ಎಂಬುದು ಅವನ ವಾದ. ಬೇಡ ಎಂದು ಕೈ ಎತ್ತಿದವನೇ ಕಳ್ಳನೆನಿಸಿಕೊಳ್ಳುವ ಪರಿಸ್ಥಿತಿಯಿದ್ದುದರಿಂದ ನಿಯಮಕ್ಕೆ ಎಲ್ಲರೂ ಒಪ್ಪಿದರು.

ಅಂದಿನಿಂದ ಸಂಜೆಯ ಸಭೆಗೆ ಜನವೋ ಜನ. ಮೆಂಬರುಗಳು ದಿನದ ಮಾತನ್ನು ಒಪ್ಪಿಸುತ್ತಿದ್ದರೆ ಹಳಬರು ಬೆಂಚುಗಳ ಮೇಲೆ ಕಣ್ಣುಮುಚ್ಚಿ ಕೂತು ಪದ್ಯ ಕೇಳಿದ ಹಾಗೆ ತಲೆದೂಗುತ್ತಿದ್ದರು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಎಳೆಯಬೇಕು ಎಂದು ಗೊತ್ತಿಲ್ಲದ ಮೆಂಬರಿಗೆ ಮುಂದಿನ ಸಲ ವೋಟು ಕಷ್ಟ ಎಂಬ ಮಾತೂ ಹುಟ್ಟಿತ್ತು. ಬೇಕರಿ ಇಟ್ಟಿದ್ದ ಮೆಂಬರು ಒಂದು ದಿನ, ಮಧ್ಯಾಹ್ನ ಹೆಂಡತಿಗೆ ಸಾರಿನಲ್ಲಿ ಉಪ್ಪು ಜಾಸ್ತಿಯಾಗಿದೆ ಎಂದೆ ಎಂದು ಪ್ರಾಮಾಣಿಕವಾಗಿ ಒಪ್ಪಿಸಿದರು. ಅಂದಿನಿಂದ ಅವರು ಮೂರು ಹೊತ್ತೂ ಬ್ರೆಡ್ಡನ್ನೇ ತಿನ್ನುತ್ತಿದ್ದರು.

ಗಾಜಣ್ಣನ ಮನೆಯಲ್ಲೂ ಮಾತು ಸವೆದು ಸವೆದು ಮೂರಕ್ಕೆ ಬಂದಿತ್ತು. ಊಟ ಆಯಿತೇ, ಆಯಿತು, ಮಳೆ ಬರುವ ಹಾಗಿದೆ. ಹಾಗಿರುವಾಗ ಆ ಬೆಳಿಗ್ಗೆ ಹೆಂಡತಿ ನಾಲ್ಕನೆಯದೊಂದನ್ನು ಎತ್ತಿದ್ದಳು. ಮೇಷ್ಟ್ರು ಗಟ್ಟಿಯಾಗಿ ಹೇಳು ಎಂದದ್ದೇ ತಡ, ಸೆರಗಿನಿಂದ ಕೈ ಒರೆಸಿಕೊಂಡು, "ನಾಲ್ಕು ಜನರ ಮುಂದೆ ಆಡೋ ಮಾತಲ್ಲ ಇದು. ಸಂಜೆಯೊಳಗೆ ನಾನು ಅವರಿಗೆ ಆಗತ್ತೋ ಇಲ್ವೋ ಅಂತ ಹೇಳಬೇಕು. ಅಷ್ಟರೊಳಗೆ ನೀವು ಕೇಳಿದ್ರೆ ಸರಿ. ಇಲ್ಲದಿದ್ರೆ ಆಮೇಲೆ ನನ್ನ ಕೇಳಲಿಲ್ಲ ಅನ್ನಬೇಡಿ" ಎಂದಳು.

ಇದು ಮೇಷ್ಟ್ರಿಗೆ ಚೆನ್ನಾಗಿ ಕೇಳಿಸಿತು.

ಗಾಜಣ್ಣ ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದ. 'ಅವರು' ಯಾರೆಂದು ಅವನಿಗೆ ಅನುಮಾನವೇ ಇರಲಿಲ್ಲ. ಹೆಂಡತಿಯ ಅಕ್ಕನ ಗಂಡ, ಅಂದರೆ ಅವನ ಷಡ್ಡಕ, ನಿವೃತ್ತಿಯಾದ ಮೇಲೆ ಕ್ಲಾರಿಯೊನೆಟ್ ಊದುವುದನ್ನು ಕಲಿಯಲು ಶುರುಮಾಡಿದ್ದ. ಅವನಿದ್ದ ಬೀದಿಯವರು ಕೈಮುಗಿದು ಬೇಡಿಕೊಂಡಿದ್ದರಿಂದ, ಅಭ್ಯಾಸಕ್ಕೊಂದು ಕೋಣೆ ಬೇಕೆಂದು ಎರಡು ತಿಂಗಳಿಂದ ಗಾಜಣ್ಣನ ಮನೆಯ ಮಹಡಿಯನ್ನೇ ನೋಡುತ್ತಿದ್ದ. ಬಂದಾಗಲೆಲ್ಲ ಮೇಲೆ ಹೋಗಿ ಗೋಡೆ ತಟ್ಟಿ, ನಾದ ಚೆನ್ನಾಗಿ ನಿಲ್ಲತ್ತೆ ಎನ್ನುತ್ತಿದ್ದ. ಅಂಗಡಿಯಲ್ಲಿ ದಿನವಿಡೀ ಗಾಜು ಕೊಯ್ಯುವ ಕಿರ್ರೆಂಬ ಸದ್ದು, ಸಂಜೆ ಸಭೆಯ ಸದ್ದು. ಇನ್ನು ಮನೆಯಲ್ಲಿ ಉಳಿದಿದ್ದ ಒಂದಿಷ್ಟು ಮೌನವೂ ಹೋದರೆ ತಾನು ಬದುಕಿ ಪ್ರಯೋಜನವಿಲ್ಲವೆಂದು ಗಾಜಣ್ಣನಿಗೆ ಅನ್ನಿಸಿತು. ಸಂಜೆಯೊಳಗೆ ಹೆಂಡತಿಯ ಮಾತು ಕೇಳಿ ಇಲ್ಲವೆನ್ನಲೇಬೇಕು. ಆದರೆ ಕೇಳಿದರೆ ಒಪ್ಪಿಸಬೇಕು. ಷಡ್ಡಕನ ಕ್ಲಾರಿಯೊನೆಟ್ಟಿನ ಬಗ್ಗೆ ಇರುವ ಅಭಿಪ್ರಾಯವನ್ನು ಊರ ಮುಂದೆ ರಾಗವಾಗಿ ಒಪ್ಪಿಸಿದರೆ ಹೆಂಡತಿಯ ತವರಿನವರು ಈ ಜನ್ಮದಲ್ಲಿ ಹೊಸಿಲು ತುಳಿಯುವುದಿಲ್ಲ. ಹಾಗಾದರೂ ಪರವಾಗಿಲ್ಲ ಎಂದುಕೊಂಡರೆ, ಮುಂದಿನ ತಿಂಗಳು ಚುನಾವಣೆ. ಹೆಂಡತಿಯ ತವರಿನವರೆಲ್ಲ ಇದ್ದದ್ದು ಅವನದೇ ವಾರ್ಡಿನಲ್ಲಿ.

ಮಧ್ಯಾಹ್ನ ಊಟದ ಕ್ಯಾರಿಯರು ಕೊಡುವ ನೆಪದಲ್ಲಿ ಹೆಂಡತಿ ಅಂಗಡಿಗೆ ಬರುವುದೆಂದು ಕಣ್ಣಿನಲ್ಲೇ ನಿರ್ಧಾರವಾಯಿತು. ಆದರೆ ಕನ್ನಡಿ ಅಂಗಡಿಯಂಥ ದರಿದ್ರ ಜಾಗ ಗುಟ್ಟಿನ ಮಾತಿಗೆ ಇನ್ನೊಂದಿಲ್ಲ. ಅವಳು ಒಳಗೆ ಕಾಲಿಡುತ್ತಲೇ ಏಳೆಂಟು ಹೆಂಡತಿಯರು ಏಳೆಂಟು ಕ್ಯಾರಿಯರು ಹಿಡಿದು ಏಳೆಂಟು ಕಡೆಯಿಂದ ಬೀದಿಗೆ ಕಾಣಿಸಿದರು. ಗಾಜಣ್ಣ ಅವಳನ್ನು ಮೂಲೆಯಲ್ಲಿ ಮರದ ಸ್ಟ್ಯಾಂಡಿಗೆ ನಿಲ್ಲಿಸಿಟ್ಟಿದ್ದ ಮದುವೆ ಛತ್ರದವರ ಆಳೆತ್ತರದ ಕನ್ನಡಿಯ ಹಿಂದಕ್ಕೆ ಕರೆದುಕೊಂಡು ಹೋದ. ಕನ್ನಡಿ ನೆಲದಿಂದ ಒಂದು ಗೇಣು ಮೇಲಿತ್ತು. ಬೀದಿಯವರಿಗೆ ಈಗ ಅಡಿಯಲ್ಲಿ ನಾಲ್ಕು ಪಾದಗಳೂ ಮೇಲೆ ತಮ್ಮದೇ ಮುಖಗಳೂ ಕಾಣುತ್ತಿದ್ದವು. ತಮ್ಮ ಮುಖ ನೋಡಿಕೊಳ್ಳುತ್ತ ಜನ ಜಮಾಯಿಸಿದರು.

"ಪಾದ ಒಂದಕ್ಕೊಂದು ಹತ್ತಿರ ಬಂತು" ಎಂದು ಮುಂದಿದ್ದವನು ಹಿಂದಿನವರಿಗೆ ವರದಿ ಒಪ್ಪಿಸಿದ.

"ಪಿಸುಮಾತು ನಿಯಮಕ್ಕೆ ವಿರುದ್ಧ" ಎಂದು ಮೇಷ್ಟ್ರು ಕೊಡೆಯ ತುದಿಯಿಂದ ಕನ್ನಡಿಯ ಚೌಕಟ್ಟನ್ನು ಮೆಲ್ಲಗೆ ತಟ್ಟಿದರು. "ನಾನು ತಡೀತಾ ಇಲ್ಲ ಗಾಜಣ್ಣ. ಗಟ್ಟಿಯಾಗಿ ಆಡಿ ಅಷ್ಟೆ."

ಆ ಸಂಜೆಯೇ ವಾರ್ಡಿನ ಹೊಸ ಬಸ್ ನಿಲ್ದಾಣ ಎಲ್ಲಿ ಬರಬೇಕೆಂಬ ತೀರ್ಮಾನವಾಗಬೇಕಿತ್ತು. ಹೆಂಡತಿ ಯಾರ ಕಡೆಯಿಂದಲೋ ಮಾತು ತಂದಿದ್ದಾಳೆ, ಇಲ್ಲದಿದ್ದರೆ ಕನ್ನಡಿಯ ಹಿಂದೆ ಯಾಕೆ ಹೋಗಬೇಕು ಎಂದು ಒಬ್ಬರು ಶುರುಮಾಡಿದರು. ಇನ್ನೊಬ್ಬರು, ನಿಲ್ದಾಣದ ನಾಲ್ಕೂ ಗೋಡೆಗೆ ಗಾಜು ಹಾಕಿಸುವ ಸಂಚು ಎಂದರು. ಆಗ ಗುಂಪಿನ ಹಿಂದಿನಿಂದ ಸೈಕಲ್ ಅಂಗಡಿಯವರು ಬಂದರು. ಅವರು ಎದುರು ಪಕ್ಷದ ಮುಖಂಡರು, ಪುರಸಭೆಯಲ್ಲಿ ಗಾಜಣ್ಣ ಎದ್ದರೆ ಕೂರಿಸುವುದೇ ಅವರ ಕೆಲಸ. ಆದರೆ ಅಂದು ಕೈಯ ಗ್ರೀಸು ಒರೆಸಿಕೊಳ್ಳುತ್ತ, "ಗಂಡ ಹೆಂಡ್ತಿ ಏನೋ ಮಾತಾಡ್ಕೋತಾರೆ, ಬಿಡ್ರಪ್ಪ. ಎಲ್ಲದಕ್ಕೂ ಒಂದು ಮಿತಿ ಇರಬೇಕು" ಎಂದರು. ಗಾಜಣ್ಣ ಕನ್ನಡಿಯ ಹಿಂದೆ ನಿಂತೇ ಇದನ್ನು ಕೇಳಿಸಿಕೊಂಡು, ಕಷ್ಟಕಾಲದಲ್ಲಿ ಮನುಷ್ಯತ್ವ ಎಲ್ಲಿಂದ ಬರುತ್ತದೋ ಹೇಳಲಾಗುವುದಿಲ್ಲ ಎಂದುಕೊಂಡ. ಅಷ್ಟರಲ್ಲಿ ಹೆಂಡತಿ ಕ್ಯಾರಿಯರನ್ನು ಅವನ ಕೈಗೆ ಕೊಟ್ಟು, ಗಿರಣಿಗೆ ಹೋಗುತ್ತೇನೆ ಎಂದಷ್ಟೇ ಹೇಳಿ ಹೊರಟುಹೋದಳು.

ಗಾಜಣ್ಣ ಸೂಚನೆ ಹಿಡಿದ. ಹಿಟ್ಟಿನ ಗಿರಣಿಯ ಪಟ್ಟಿ ತಿರುಗತೊಡಗಿದರೆ ಪಕ್ಕದಲ್ಲಿ ಮನೆ ಬಿದ್ದರೂ ತಿಳಿಯುವುದಿಲ್ಲ. ಅಲ್ಲಿ ಕಿವಿಗೆ ಬಾಯಿಟ್ಟು ಹೇಳಿದರೆ ಯಾವ ಆಲಿಸುವವನ ಅಪ್ಪನೂ ಕೇಳಲಾರ. ಅಂಗಡಿಗೆ ಬೀಗ ಹಾಕಿ, ಬೀದಿ ಸುತ್ತಿ, ಹಿಂಬಾಗಿಲಿನಿಂದ ಗಿರಣಿ ಹೊಕ್ಕ. ಮುಂಬಾಗಿಲಲ್ಲಿ ಮೇಷ್ಟ್ರು ಆಗಲೇ ಕೊಡೆ ಊರಿ ನಿಂತಿದ್ದರು. ಅವರ ಬೆನ್ನಿಗೆ ಕನ್ನಡಿ ಅಂಗಡಿಯ ಗುಂಪು.

ಒಳಗೆ ಹೆಂಡತಿ ಡಬ್ಬ ಹಿಡಿದು ಸರದಿಯಲ್ಲಿದ್ದಳು. ಹಿಟ್ಟಿನ ಧೂಳಿನಲ್ಲಿ ಇಬ್ಬರೂ ಬೆಳ್ಳಗಾಗಿ, ಈಗ ತಾನೇ ಸತ್ತು ಮೇಲಕ್ಕೆ ಹೋದ ದಂಪತಿಗಳ ಹಾಗಿದ್ದರು. ಅವಳು ಅವನ ಕಿವಿಗೆ ಬಾಯಿಟ್ಟು ಹೇಳತೊಡಗಿದಳು. ಬಹಳ ಹೇಳಿದಳು. ಕೈ ತಿರುವಿದಳು, ಒಂದೆರಡು ಸಲ ಎದೆಯ ಮೇಲೆ ಕೈ ಇಟ್ಟುಕೊಂಡಳು, ಕೊನೆಗೆ ಅವನ ಮುಖವನ್ನೇ ನೋಡಿದಳು. ಗಾಜಣ್ಣನಿಗೆ ಕೇಳಿಸಿದ್ದು ಗಿರಣಿ ಮಾತ್ರ. ಯಾರಿಗೂ ಕೇಳಿಸದ ಜಾಗದಲ್ಲಿ ತನಗೂ ಕೇಳಿಸುವುದಿಲ್ಲ ಎಂಬುದನ್ನು ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆದರೆ ವಿಷಯ ಅವನಿಗೆ ಗೊತ್ತಿದ್ದದ್ದೇ. ಉತ್ತರ ಕೊಟ್ಟರೆ ಮುಗಿಯಿತು. ಎದೆಯ ತುಂಬ ಉಸಿರು ತುಂಬಿಕೊಂಡು, ಗಿರಣಿಯನ್ನು ಮೀರಿಸುವ ದನಿಯಲ್ಲಿ ಕಿರುಚಿದ.

ಅದೇ ಕ್ಷಣಕ್ಕೆ ಕರೆಂಟು ಹೋಯಿತು.

"ನಿಮ್ಮ ಭಾವನಿಗೆ ಮಹಡಿ ಕೋಣೆ ಕೊಡಲ್ಲ! ಆ ಪೀಪಿ ಸದ್ದು ಕೇಳೋದಕ್ಕಿಂತ ನಾನು ಸತ್ತರೆ ವಾಸಿ!"

ಪಟ್ಟಿ ಇನ್ನೆರಡು ಸುತ್ತು ತಿರುಗಿ ನಿಂತಿತು. ಗಿರಣಿಯವನು ಟೋಪಿ ತೆಗೆದ. ಬಾಗಿಲಲ್ಲಿ ಮೇಷ್ಟ್ರು, ಬಹಳ ದಿನಗಳ ನಂತರ ಒಂದು ವಾಕ್ಯವನ್ನು ಇಡಿಯಾಗಿ ಕೇಳಿಸಿಕೊಂಡ ತೃಪ್ತಿಯಲ್ಲಿ, ಕೊಡೆಯಿಂದ ನೆಲ ತಟ್ಟಿದರು.

ಹೆಂಡತಿ ಅವನತ್ತ ತಿರುಗಿ, "ನಾನು ಅಷ್ಟೆಲ್ಲ ಹೇಳಿದ್ದಕ್ಕೆ ನಿಮ್ಮ ಉತ್ತರ ಇಷ್ಟೇನಾ?" ಎಂದು ಕೇಳಿದಳು. ಇಷ್ಟೇ ಎಂದು ಗಾಜಣ್ಣ ದೃಢವಾಗಿ ಹೇಳಿದ; ಗುಂಪಿನ ಮುಂದೆ ಇನ್ನೇನು ಹೇಳಲು ಸಾಧ್ಯವಿತ್ತು. ಅವಳು ಡಬ್ಬವನ್ನು ಸೊಂಟಕ್ಕೇರಿಸಿಕೊಂಡು ಮನೆಗೆ ನಡೆದಳು.

ಸಂಜೆ ಸಭಾಂಗಣದ ಗಾಜಿನ ಬಾಗಿಲಿಗೆ ಹೊರಗಿನಿಂದ ಮೂಗುಗಳು ಒತ್ತಿಕೊಂಡಿದ್ದವು. ಬಸ್ ನಿಲ್ದಾಣವನ್ನು ಯಾರೂ ಎತ್ತಲಿಲ್ಲ. ಮೇಷ್ಟ್ರು ಎದ್ದು ನಿಂತು ಬೆಳಗಿನಿಂದ ನಡೆದದ್ದನ್ನು ಒಂದೂ ಬಿಡದೆ ಒಪ್ಪಿಸಿದರು. ಚಹಾ, ಕನ್ನಡಿ, ಪಾದ, ಗಿರಣಿ. ಪೀಪಿಯ ವಾಕ್ಯವನ್ನು ಮಾತ್ರ ಎರಡು ಸಲ ಹೇಳಿದರು, ಎರಡನೆಯ ಸಲ ಕೊನೆಯ ಪದವನ್ನು ಚೆನ್ನಾಗಿ ಎಳೆದು. ಹಳಬರು ತಲೆದೂಗಿದರು.

"ಅದು ನೀವು ಆಡಿದ ಮಾತು. ಅವರು ಆಡಿದ್ದು ಏನು?" ಎಂದು ಅಧ್ಯಕ್ಷೆ ಕೇಳಿದರು.

"ಗೊತ್ತಿಲ್ಲ" ಎಂದ ಗಾಜಣ್ಣ.

"ಕಿವಿಗೆ ಬಾಯಿಟ್ಟು ಹೇಳಿದ್ದು ಗೊತ್ತಿಲ್ವಾ?"

"ಗೊತ್ತಿಲ್ಲ."

ಅದನ್ನು ಯಾರೂ ನಂಬಲಿಲ್ಲ. ಬೇಕರಿಯವರಂತೂ, ತಾವು ಉಪ್ಪಿನಂಥ ಉಪ್ಪನ್ನೇ ಒಪ್ಪಿಸಿದವರು, ಇವರಿಗೊಂದು ನ್ಯಾಯ ನಮಗೊಂದು ನ್ಯಾಯವೇ, ಮಾತು ಹೊರಗೆ ಬರಬೇಕು ಇಲ್ಲವೇ ರಾಜೀನಾಮೆ ಬರಬೇಕು ಎಂದರು. ಹೊರಗಿನ ಮೂಗುಗಳು ಗಾಜಿಗೆ ಇನ್ನಷ್ಟು ಒತ್ತಿಕೊಂಡವು.

ಗಾಜಣ್ಣ ಎದ್ದು ನಿಂತ. ಮೈಮೇಲಿನ ಹಿಟ್ಟು ಇನ್ನೂ ಹೋಗಿರಲಿಲ್ಲ. ಭಾಷಣದಲ್ಲಿ ಎತ್ತಿದ ಕೈ ಎನಿಸಿಕೊಂಡಿದ್ದವನು ಅಂದು ಮೊದಲ ಬಾರಿಗೆ ಮೆಲ್ಲಗೆ ಮಾತಾಡಿದ.

"ಈ ನಿಯಮ ತಂದವನು ನಾನೇ. ಊರಿನ ಕೆಲಸದ ಮಾತು ಊರಿಗೆ ತಿಳೀಬೇಕು ಅಂತ ಈಗಲೂ ಹೇಳ್ತೀನಿ. ಆದರೆ ಒಂದು ಮಾತು ಊರಿಂದೋ ಮನೇದೋ ಅಂತ ಅದು ಬಾಯಲ್ಲಿರುವಾಗಲೇ ಹೇಗೆ ಗೊತ್ತಾಗಬೇಕು? ಮೊದಲು ಒಬ್ಬರ ಹತ್ರ ಆಡಿ ನೋಡಬೇಕು. ತಪ್ಪಾಗಿ ಆಡಬೇಕು, ಅಳಬೇಕು, ಬೈದುಕೊಳ್ಳಬೇಕು. ಆಮೇಲೆ ತಾನೇ ಹೊರಗೆ ತರೋ ಮಾತು ಯಾವುದು ಅಂತ ತಿಳಿಯೋದು? ನಾನು ಗಾಜಿನವನು. ಕಿಟಕಿಗೆ ಗಾಜು ಹಾಕಿದ್ರೆ ಬೆಳಕು ಬರತ್ತೆ. ಗೋಡೆಗೆಲ್ಲ ಗಾಜು ಹಾಕಿದ್ರೆ ಅದರೊಳಗೆ ಯಾರೂ ಸಂಸಾರ ಮಾಡಲ್ಲ, ಮೀನು ಸಾಕ್ತಾರೆ. ಒಂದು ವರ್ಷದಿಂದ ನನ್ನ ಹೆಂಡತಿ ಏನು ಯೋಚನೆ ಮಾಡ್ತಾ ಇದ್ದಾಳೆ ಅಂತ ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿದ್ರೆ ಹೇಳಿ."

ಬೇಕರಿಯವರು ಮೇಜು ನೋಡತೊಡಗಿದರು. ಅವರ ಕಣ್ಣಿನ ಮುಂದೆ ಒಂದು ಬಟ್ಟಲು ಸಾರು ಹಾದುಹೋದಂತಿತ್ತು. ಮೇಷ್ಟ್ರು ಕೂಡ, ಕೇಳಿಸಲಿಲ್ಲ ಎನ್ನಲಿಲ್ಲ.

ಸೈಕಲ್ ಅಂಗಡಿಯವರು ಎದ್ದರು. ಕೂರಿಸಲು ಎದ್ದರೆಂದೇ ಎಲ್ಲರೂ ಭಾವಿಸಿದ್ದರು. ಆದರೆ ಅವರು, ಗಾಜಣ್ಣನ ಮಾತು ನೂರಕ್ಕೆ ನೂರು ಸತ್ಯ, ನಿಯಮಕ್ಕೆ ಈಗಲೇ ತಿದ್ದುಪಡಿಯಾಗಲಿ, ನಾನು ಅನುಮೋದಿಸುತ್ತೇನೆ ಎಂದರು. ಮನೆಯೊಳಗೆ ಗಂಡ ಹೆಂಡತಿ ಆಡಿದ ಮಾತನ್ನು ಯಾರೂ ಆಲಿಸಕೂಡದು, ಮೆಂಬರು ಅದನ್ನು ಹೊರಗೆ ಹೇಳಕೂಡದು ಎಂದು ಗಾಜಣ್ಣ ಅಲ್ಲೇ ಹೇಳಿ ಬರೆಸಿದ.

"ಹೇಳಿದ್ರೆ ಏನು ಅಂತಲೂ ಇರಬೇಕಲ್ವಾ" ಎಂದು ಸೈಕಲ್ ಅಂಗಡಿಯವರು ಮೃದುವಾಗಿ ನೆನಪಿಸಿದರು. "ಇಲ್ಲದಿದ್ರೆ ನಾಳೆ ಸಡಿಲ ಆಗಿಬಿಡತ್ತೆ."

"ಹೇಳಿದ್ರೆ ಮೆಂಬರ್‌ಗಿರಿ ಹೋಗತ್ತೆ. ಮುಂದಿನ ಚುನಾವಣೆಗೂ ನಿಲ್ಲೋ ಹಾಗಿಲ್ಲ" ಎಂದ ಗಾಜಣ್ಣ, ಅರ್ಧ ಕೆಲಸ ಅವನ ಜಾಯಮಾನವಲ್ಲ.

ಅಧ್ಯಕ್ಷೆ ಪೆನ್ನು ಎತ್ತಿ ಹಿಡಿದರು. "ಮನೆ ವಿಷಯದ ಮಾತು ಅಂತ ಹಾಕ್ಲಾ? ಊರಿನ ವಿಷಯ ಬಂದರೆ ಏನು ಮಾಡೋದು?"

"ಬೇಡ. ಹಾಗೆ ಬಿಟ್ಟರೆ ಜನ ಎಲ್ಲವನ್ನೂ ಊರಿನ ವಿಷಯ ಅಂದುಬಿಡ್ತಾರೆ. ಯಾವ ಮಾತಾದರೂ ಅಂತ ಹಾಕಿ."

ಎಲ್ಲರ ಕೈಯೂ ಮೇಲೆದ್ದಿತು. ಬೇಕರಿಯವರು ಎರಡು ಕೈ ಎತ್ತಿದ್ದರಿಂದ ಒಮ್ಮೆ ತಿರುಗಿ ಎಣಿಸಬೇಕಾಯಿತು. ಗಾಜಣ್ಣ ಸೈಕಲ್ ಅಂಗಡಿಯವರನ್ನು ಅಪ್ಪಿಕೊಂಡ. ಅವರ ಅಂಗಿಗೆ ಹಿಟ್ಟೂ ಇವನ ಅಂಗಿಗೆ ಗ್ರೀಸೂ ಅಂಟಿಕೊಂಡವು.

ಮನೆಗೆ ಬಂದವನೇ ಗಾಜಿನ ಬಾಗಿಲು ಹಾಕಿ, ಮಂಚದ ಹೊದಿಕೆಯನ್ನು ತಂದು ಅದರ ಮೇಲೆ ಉದ್ದಕ್ಕೂ ಇಳಿಬಿಟ್ಟ. ಜಗಲಿಯ ಕುರ್ಚಿ ಖಾಲಿಯಿತ್ತು. ಒಂದು ವರ್ಷದ ಮೇಲೆ ಮನೆಯೊಳಗೆ ಮನೆಯಂಥ ಕತ್ತಲೆ ಬಂದಿತ್ತು. ಹೆಂಡತಿ ಬಟ್ಟೆ ಮಡಿಸುತ್ತ ಕೂತಿದ್ದಳು. ಅವನು ಪಕ್ಕದಲ್ಲಿ ಕೂತು, ಇನ್ನು ಯಾರ ಭಯವೂ ಇಲ್ಲ, ಬೆಳಗಿನ ಮಾತು ಈಗ ಹೇಳು ಎಂದ.

"ಗಿರಣೀಲೇ ಹೇಳಿದ್ನಲ್ಲ."

"ಅಲ್ಲಿ ಏನೂ ಕೇಳಿಸಲಿಲ್ಲ ಕಣೇ."

ಅವಳ ಕೈ ನಿಂತಿತು. "ಅಯ್ಯೋ. ನಾನು ಆಗಲೇ ಅವರಿಗೆ ಆಗಲಿ ಅಂತ ಹೇಳಿ ಕಳಿಸಿದ್ನಲ್ರೀ."

"ಭಾವನಿಗಾ?"

"ಭಾವನ ಕೈಲಿ ಹೇಳಿ ಕಳಿಸಿದೆ. ಸೈಕಲ್ ಅಂಗಡಿಯವರಿಗೆ."

ಗಾಜಣ್ಣನಿಗೆ ಅಂಗಿಯ ಮೇಲಿನ ಗ್ರೀಸಿನ ವಾಸನೆ ಒಮ್ಮೆಲೇ ಬಡಿಯಿತು.

ಹೆಂಡತಿ ನಿಧಾನವಾಗಿ ವಿವರಿಸಿದಳು. ಮೆಂಬರಿನ ಹತ್ತಿರ ಏನು ಹೇಳಿದರೂ ಸಂಜೆ ಸಭೆಯಲ್ಲಿ ಹಾಡಾಗುತ್ತದೆಂದು ಒಂದು ವರ್ಷದಿಂದ ವಾರ್ಡಿನ ಹೆಂಗಸರು ಯಾರೂ ಮುಂಬಾಗಿಲಿಗೆ ಬರುತ್ತಿರಲಿಲ್ಲ. ಹಿತ್ತಲ ಬಾಗಿಲಿಗೆ ಬಂದು ಅವಳ ಹತ್ತಿರ ಹೇಳಿಕೊಳ್ಳುತ್ತಿದ್ದರು. ಕುಡಿದು ಬಂದು ಬೀದಿ ದೀಪ ಒಡೆಯುವವನು ಯಾರ ಮಗ, ಯಾವ ಮನೆಯ ಸೊಸೆಗೆ ನಲ್ಲಿ ಮುಟ್ಟಲು ಬಿಡುತ್ತಿಲ್ಲ, ಇಂಥವು. ಅವಳು ಬಾಯಿ ಬಿಡದೆ ಅಲ್ಲಲ್ಲೇ ಸರಿಮಾಡಿಸುತ್ತಿದ್ದಳು. ಸೈಕಲ್ ಅಂಗಡಿಯವರು ಇದನ್ನು ಗಮನಿಸಿದ್ದರು. ಅವರು ಮೆಂಬರು, ನೇರವಾಗಿ ಅವಳ ಹತ್ತಿರ ಮಾತಾಡಿದರೆ ಒಪ್ಪಿಸಬೇಕಾಗುತ್ತಿತ್ತು. ಭಾವ ಮೆಂಬರಲ್ಲ.

"ಈ ವಾರ್ಡಲ್ಲಿ ಅವರ ಪಕ್ಷದಿಂದ ಚುನಾವಣೆಗೆ ನಿಂತ್ಕೋ ಅಂದರು" ಎಂದಳು. "ನಿಮ್ಮನ್ನ ಕೇಳದೆ ಹೂಂ ಅನ್ನಲ್ಲ ಅಂದೆ. ನೀವು ಬೇಡ ಅಂದಿದ್ರೆ ದೇವರಾಣೆ ನಿಲ್ತಿರಲಿಲ್ಲ. ಅಷ್ಟು ದೊಡ್ಡ ವಿಷಯ ಹೇಳಿದ್ದಕ್ಕೆ ನೀವು ಮಹಡಿ ಕೋಣೆ ಕೊಡಲ್ಲ ಅಂದ್ರಿ. ಅದೊಂದು ಬಿಟ್ಟರೆ ಬೇರೆ ಅಡ್ಡಿ ಇಲ್ಲ ಅಂದ್ಕೊಂಡೆ. ಇಷ್ಟೇನಾ ಅಂತ ಕೇಳಿದೆ, ಇಷ್ಟೇ ಅಂದ್ರಿ. ಎಂಥ ದೊಡ್ಡ ಮನಸ್ಸು ಅಂತ ದಾರಿಯುದ್ದಕ್ಕೂ ಕಣ್ಣೊರೆಸ್ಕೊಂಡು ಬಂದೆ."

ಗಾಜಣ್ಣ ಎದ್ದು ಬಾಗಿಲಿನತ್ತ ಎರಡು ಹೆಜ್ಜೆ ಇಟ್ಟ. ಅಧ್ಯಕ್ಷೆಯ ಮನೆ ಬೀದಿಯ ತುದಿಯಲ್ಲೇ ಇತ್ತು. ಈಗಿಂದೀಗಲೇ ಹೋಗಿ, ಎದುರು ಪಕ್ಷದವರು ತನ್ನ ಮನೆಯನ್ನೇ ಒಡೆದಿದ್ದಾರೆಂದು ಊರಿಗೆಲ್ಲ ಹೇಳಿದರೆ ಇನ್ನೂ ಕಾಲ ಮಿಂಚಿರಲಿಲ್ಲ. ಹೊದಿಕೆಯ ಅಂಚಿಗೆ ಕೈ ಹಾಕಿದ. ಕೈ ಅಲ್ಲಿಯೇ ಉಳಿಯಿತು.

"ನಾಮಪತ್ರ ಕೊಡೋವರೆಗೆ ಹೊರಗೆ ಬರಬಾರದು ಅಂತ ಅವರು ಹೇಳಿದ್ರು" ಎಂದಳು ಹೆಂಡತಿ. "ನಿಮ್ಮಿಂದ ಬರಲ್ಲ ಬಿಡಿ. ನಿಯಮ ಆಗಿದೆಯಂತಲ್ಲ."

ಗಾಜಣ್ಣ ಹೊದಿಕೆಯನ್ನು ಸರಿಮಾಡಿ ವಾಪಸು ಬಂದು ಕೂತ. ಊಟ ಆಯಿತೇ ಎಂದು ಕೇಳಿದ. ಆಯಿತು ಎಂದಳು.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಹೆಂಡತಿ ಎದ್ದು ತೆರೆದಳು. ಒಂದು ಕೈಯಲ್ಲಿ ಹಾಸಿಗೆ ಸುರುಳಿ, ಇನ್ನೊಂದರಲ್ಲಿ ಉದ್ದನೆಯ ಕಪ್ಪು ಪೆಟ್ಟಿಗೆ ಹಿಡಿದು ಷಡ್ಡಕ ನಿಂತಿದ್ದ. ಚುನಾವಣೆ ಮುಗಿಯುವವರೆಗೆ ಓಡಾಟಕ್ಕೆ ಭಾವ ಇಲ್ಲೇ ಇರಬೇಕಾಗುತ್ತದೆ ಎಂದು ಹೆಂಡತಿ ತಗ್ಗಿದ ದನಿಯಲ್ಲಿ ಹೇಳಿದಳು. ಮಹಡಿ ಕೊಡುವುದಿಲ್ಲವೆಂದು ಊರ ಮುಂದೆ ಅಂದದ್ದರಿಂದ ಅವರಿಗೆ ತುಂಬ ನೋವಾಗಿತ್ತು. ಅದಕ್ಕೇ ನಡುಮನೆಯಲ್ಲೇ ಇರಲಿ ಎಂದು ಒಪ್ಪಿಸಿದ್ದಳು.

ಷಡ್ಡಕ ಯಾವ ಕಹಿಯನ್ನೂ ತೋರಿಸಿಕೊಳ್ಳದೆ ಒಳಗೆ ಬಂದು, ನಡುಮನೆಯ ಗೋಡೆ ತಟ್ಟಿ ನೋಡಿ, ಮೇಲಿಗಿಂತ ಇಲ್ಲೇ ನಾದ ನಿಲ್ಲತ್ತೆ ಎಂದು ಮೆಚ್ಚಿಕೊಂಡ. ಪೆಟ್ಟಿಗೆ ತೆರೆದು, ತುಂಡುಗಳನ್ನು ಒಂದಕ್ಕೊಂದು ಸೇರಿಸಿ, ಕಣ್ಣು ಮುಚ್ಚಿ ಮೊದಲ ಸ್ವರ ಊದಿದ.

ಗಂಡ ಹೆಂಡತಿಯ ಮಾತಿಗಷ್ಟೇ ವಿನಾಯಿತಿ. ಷಡ್ಡಕನ ಮಾತು ಹಳೆಯ ನಿಯಮಕ್ಕೇ ಬರುತ್ತದೆ. ಹೊರಗೆ ಜಗಲಿಯ ಮೇಲೆ ಕುರ್ಚಿ ಕಿರುಗುಟ್ಟಿತು.

"ಸ್ವಲ್ಪ ಗಟ್ಟಿಯಾಗಿ ಊದಪ್ಪ" ಎಂದರು ಮೇಷ್ಟ್ರು. "ಇಲ್ಲೀವರೆಗೆ ಬರ್ತಾ ಇಲ್ಲ."